ಕಲ್ಲಿದ್ದಲಿನಿಂದ ಎಣ್ಣೆ: ವೇಗವರ್ಧಕದ ಪಾತ್ರ ಮತ್ತು ವೆಚ್ಚದ ಲೆಕ್ಕ

1933ರ ಡಿಸೆಂಬರ್ 14ರಂದು ಜರ್ಮನಿಯ ಸರ್ಕಾರಕ್ಕೂ ಅಲ್ಲಿನ ಬೃಹತ್ ರಾಸಾಯನಿಕ ಸಂಸ್ಥೆಯಾದ ಐ.ಜಿ. ಫಾರ್ಬೆನ್‌ಗೂ ನಡುವೆ ಒಂದು ಒಪ್ಪಂದವಾಯಿತು. ಲೊಯ್ನಾ ಎಂಬಲ್ಲಿನ ಕಾರ್ಖಾನೆಯಲ್ಲಿ ಕಂದು ಕಲ್ಲಿದ್ದಲಿನಿಂದ ತಯಾರಾಗುವ ಪೆಟ್ರೋಲಿಗೆ ಲೀಟರಿಗೆ 18.5 ಫೆನಿಗ್ ದರವನ್ನು ಸರ್ಕಾರ ಖಾತರಿಪಡಿಸಿತು. ಮಾರುಕಟ್ಟೆಯ ದರ ಅದಕ್ಕಿಂತ ಕೆಳಗಿಳಿದರೆ ವ್ಯತ್ಯಾಸವನ್ನು ಬೊಕ್ಕಸದಿಂದ ತುಂಬಿಕೊಡಬೇಕು. ಸವಕಳಿಯನ್ನು ಕಳೆದು, ಹೂಡಿದ ಬಂಡವಾಳದ ಮೇಲೆ ಶೇ. 5ರ ಪ್ರತಿಫಲ ಸಂಸ್ಥೆಗೆ ಸಲ್ಲಬೇಕು. ಅದನ್ನು ಮೀರಿದ ಲಾಭವೇನಾದರೂ ಬಂದರೆ ಅದು ಸರ್ಕಾರದ್ದು. ಪ್ರತಿಯಾಗಿ ಸಂಸ್ಥೆಯು 1935ರ ಅಂತ್ಯದೊಳಗೆ ಕಾರ್ಖಾನೆಯ ಸಾಮರ್ಥ್ಯವನ್ನು ವರ್ಷಕ್ಕೆ 3.5 ಲಕ್ಷ ಟನ್ನಿಗೆ ಏರಿಸಬೇಕಿತ್ತು. ಒಪ್ಪಂದದ ಅವಧಿ 1944ರವರೆಗೆ.

ಆ ಹೊತ್ತಿಗೆ ಜರ್ಮನಿಯ ಬಂದರುಗಳಲ್ಲಿ ಬಂದಿಳಿಯುತ್ತಿದ್ದ ವಿದೇಶಿ ಪೆಟ್ರೋಲಿನ ದರ, ತೆರಿಗೆ ಬಿಟ್ಟರೆ, ಈ ಖಾತರಿ ದರದ ಅರ್ಧಕ್ಕೂ ಕಡಿಮೆಯಿತ್ತು. ನೆಲದಲ್ಲಿ ಹೇರಳವಾಗಿ ಸಿಗುವ ಅಗ್ಗದ ಕಲ್ಲಿದ್ದಲನ್ನು ಎಣ್ಣೆಯಾಗಿಸಲು ಇಷ್ಟೇಕೆ ಖರ್ಚು ಎಂಬ ಪ್ರಶ್ನೆ ಅಂದಿನ ಬರ್ಲಿನ್ನಿನಲ್ಲಿ ಎದ್ದಿತ್ತು. ಕಚ್ಚಾತೈಲದ ಅಗತ್ಯದ ಶೇ. 85ಕ್ಕೂ ಹೆಚ್ಚು ಭಾಗವನ್ನು ಆಮದು ಮಾಡಿಕೊಳ್ಳುತ್ತ, 2024-25ರಲ್ಲಿ 100 ಕೋಟಿ ಟನ್ನಿಗೂ ಮೀರಿ ಕಲ್ಲಿದ್ದಲು ತೆಗೆದ ಭಾರತದಲ್ಲಿಯೂ ಅದೇ ಪ್ರಶ್ನೆ ಏಳುತ್ತಿದೆ. ಉತ್ತರದ ಅರ್ಧಭಾಗ ರಸಾಯನಶಾಸ್ತ್ರದಲ್ಲಿದೆ, ಉಳಿದರ್ಧ ಲೆಕ್ಕಪತ್ರದಲ್ಲಿದೆ.

ಕಲ್ಲಿದ್ದಲಿನ ಒಳರಚನೆ

ಕಲ್ಲಿದ್ದಲು ಮತ್ತು ಪೆಟ್ರೋಲು ಎರಡರಲ್ಲಿಯೂ ಮುಖ್ಯವಾಗಿ ಇರುವುದು ಇಂಗಾಲ ಮತ್ತು ಜಲಜನಕ. ವ್ಯತ್ಯಾಸವಿರುವುದು ಪ್ರಮಾಣದಲ್ಲಿ. ಪೆಟ್ರೋಲಿನಲ್ಲಿ ಇಂಗಾಲದ ಪ್ರತಿ 10 ಪರಮಾಣುಗಳಿಗೆ ಜಲಜನಕದ ಸುಮಾರು 20 ಪರಮಾಣುಗಳಿವೆ. ಕಚ್ಚಾತೈಲದಲ್ಲಿ 17ರಿಂದ 18. ಸಾಮಾನ್ಯ ಬಿಟುಮಿನಸ್ ಕಲ್ಲಿದ್ದಲಿನಲ್ಲಿ 7ರಿಂದ 8 ಮಾತ್ರ. ಆದುದರಿಂದ ಕಲ್ಲಿದ್ದಲನ್ನು ಎಣ್ಣೆಯಾಗಿಸಬೇಕಾದರೆ ಹೊರಗಿನಿಂದ ಜಲಜನಕವನ್ನು ತಂದು ಸೇರಿಸಲೇಬೇಕು. ಬೂದಿ, ತೇವಾಂಶಗಳನ್ನು ಕಳೆದ ಕಲ್ಲಿದ್ದಲಿನ ತೂಕದ ಶೇ. 5ರಿಂದ 7ರಷ್ಟು ಜಲಜನಕ ಬೇಕಾಗುತ್ತದೆ. ಈ ಅಂಶ ಕೇಳಲು ಅಲ್ಪವೆನಿಸಿದರೂ ಜಲಜನಕವು ಹಗುರವಾದ, ದುಬಾರಿಯಾದ ಅನಿಲ. ಅದನ್ನು ತಯಾರಿಸುವುದಕ್ಕೂ ಮತ್ತಷ್ಟು ಕಲ್ಲಿದ್ದಲನ್ನೇ ಸುಡಬೇಕು. ಇಂತಹ ಕಾರ್ಖಾನೆಗಳ ಉತ್ಪಾದನಾ ವೆಚ್ಚದಲ್ಲಿ ದೊಡ್ಡ ಪಾಲು ಜಲಜನಕದ್ದೇ ಆಗಿರುತ್ತದೆ.

ಎರಡನೆಯ ವ್ಯತ್ಯಾಸ ಜೋಡಣೆಯದು. ಪೆಟ್ರೋಲಿನ ಅಣುಗಳು ಚಿಕ್ಕವು, ಒಂದಕ್ಕೊಂದು ಅಂಟಿಕೊಳ್ಳದೆ ಹರಿದಾಡುವಂಥವು. ಕಲ್ಲಿದ್ದಲಿನಲ್ಲಾದರೋ ಇಂಗಾಲದ ಆರು ಕೋನದ ಉಂಗುರಗಳು ಎರಡು, ಮೂರು, ನಾಲ್ಕರಂತೆ ಗುಂಪುಗೂಡಿವೆ. ಒಂದು ಗುಂಪಿಗೂ ಮತ್ತೊಂದಕ್ಕೂ ಇಂಗಾಲ, ಆಮ್ಲಜನಕ ಅಥವಾ ಗಂಧಕದ ಸೇತುವೆಗಳು ಬಿಗಿದುಕೊಂಡಿವೆ. ಗೋದಾಮಿನಲ್ಲಿ ಮೂಟೆಗಳನ್ನು ಪೇರಿಸಿ, ಕೆಲವನ್ನು ಸೆಣಬಿನ ಹುರಿಯಿಂದಲೂ ಕೆಲವನ್ನು ಉಕ್ಕಿನ ತಂತಿಯಿಂದಲೂ ಒಂದಕ್ಕೊಂದು ಕಟ್ಟಿಹಾಕಿದಂತೆ ಇದರ ರೀತಿ. ಎಣ್ಣೆ ಮಾಡುವುದೆಂದರೆ ಈ ಕಟ್ಟುಗಳನ್ನು ಬಿಚ್ಚುವುದು.

ಕಟ್ಟುಗಳ ಬಲವು ಒಂದೇ ಸಮನಾಗಿಲ್ಲ. ಬಂಧವೊಂದನ್ನು ಮುರಿಯಲು ಬೇಕಾಗುವ ಶಕ್ತಿಯನ್ನು ರಸಾಯನಶಾಸ್ತ್ರಜ್ಞರು ಪ್ರತಿ ಮೋಲ್‌ಗೆ ಇಷ್ಟು ಕಿಲೋಜೂಲ್ ಎಂದು ಅಳೆಯುತ್ತಾರೆ. ಉಂಗುರಗಳ ನಡುವಿನ ಆಮ್ಲಜನಕದ ಕೆಲವು ಸೇತುವೆಗಳು ಸುಮಾರು 220ಕ್ಕೆ ಮುರಿಯುತ್ತವೆ. ಎರಡು ಉಂಗುರಗಳ ನಡುವೆ ಎರಡು ಇಂಗಾಲಗಳ ಸೇತುವೆಯಿದ್ದರೆ ಅವುಗಳ ನಡುವಿನ ಬಂಧ ಸುಮಾರು 260ಕ್ಕೆ. ಒಂದೇ ಇಂಗಾಲದ ಸೇತುವೆಯಾಗಿದ್ದರೆ 340ಕ್ಕೂ ಮೀರಿ ಬೇಕು. ಉಂಗುರಕ್ಕೆ ಉಂಗುರ ನೇರವಾಗಿ ಅಂಟಿದ್ದರೆ ಸುಮಾರು 480. ಕಲ್ಲಿದ್ದಲನ್ನು 400ರಿಂದ 450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಮೊದಲ ಎರಡು ಬಗೆಯ ಬಂಧಗಳು ಯಾವ ವೇಗವರ್ಧಕದ ಸಹಾಯವೂ ಇಲ್ಲದೆ ತಾವಾಗಿಯೇ ಕಳಚುತ್ತವೆ. ಉಳಿದವು ಮಿಸುಕುವುದಿಲ್ಲ. ತಾಪವನ್ನು ಇನ್ನೂ ಏರಿಸಿದರೆ ಎಣ್ಣೆಯ ಬದಲು ಅನಿಲವೂ ಕೋಕ್ ಕಲ್ಲಿದ್ದಲೂ ದೊರೆಯುತ್ತವೆ. ಉಕ್ಕಿನ ಕಾರ್ಖಾನೆಗಳ ಕೋಕ್ ಒಲೆಗಳಲ್ಲಿ ಬೇಕೆಂದೇ ಮಾಡುವ ಕೆಲಸವದು; ಎಣ್ಣೆ ಕಾರ್ಖಾನೆಯಲ್ಲಿ ಅದೇ ಕೆಲಸ ನಷ್ಟದ ಬಾಬತ್ತು.

ಏಕೆ ಹೀಗಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದಿನ ಮಾತು ಸುಲಭ. ಬಂಧ ಮುರಿದಾಗ ಎರಡು ತುದಿಗಳೂ ಕೈಚಾಚಿದ ಸ್ಥಿತಿಯಲ್ಲಿರುತ್ತವೆ. ಆ ಕ್ಷಣದಲ್ಲಿ ಅವುಗಳಿಗೆ ಜಲಜನಕ ಸಿಕ್ಕರೆ ಶಾಂತವಾಗಿ ಎಣ್ಣೆಯ ಅಣುವಾಗುತ್ತವೆ. ಸಿಗದಿದ್ದರೆ ಪಕ್ಕದ ತುಂಡನ್ನೇ ಹಿಡಿದುಕೊಂಡು ಮೊದಲಿಗಿಂತಲೂ ದೊಡ್ಡ, ಗಟ್ಟಿಯಾದ ರಾಶಿಯಾಗುತ್ತವೆ. ಹೀಗೆ ಜಲಜನಕವನ್ನು ಹೊತ್ತಿಗೆ ಸರಿಯಾಗಿ ಒದಗಿಸಲು ಕಲ್ಲಿದ್ದಲಿನ ಪುಡಿಯನ್ನು ಒಂದು ವಿಶೇಷ ಎಣ್ಣೆಯಲ್ಲಿ ಕಲಸಿ ಒಲೆಗೆ ಬಿಡುತ್ತಾರೆ. ಟೆಟ್ರಾಲಿನ್ ಇದರ ಪ್ರಸಿದ್ಧ ಉದಾಹರಣೆ. ಪ್ರತಿ ಟೆಟ್ರಾಲಿನ್ ಅಣು ತನ್ನಲ್ಲಿರುವ ನಾಲ್ಕು ಜಲಜನಕ ಪರಮಾಣುಗಳನ್ನು ಕೊಟ್ಟು ತಾನು ನ್ಯಾಫ್ತಲೀನ್ ಆಗಿಬಿಡುತ್ತದೆ. ನುಸಿಗುಳಿಗೆಯಲ್ಲಿ ಬಳಸುವ ಪದಾರ್ಥವದೇ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಈ ದ್ರಾವಕವು ದುಡಿಯುವ ಬಂಡವಾಳ; ನ್ಯಾಫ್ತಲೀನ್ ಎಂಬುದು ಸಾಲವಾಗಿ ಹೊರಗೆ ಹೋದ ಹಣ. ಅದನ್ನು ವಸೂಲಿ ಮಾಡಿ ಮತ್ತೆ ಟೆಟ್ರಾಲಿನ್ ಆಗಿಸದಿದ್ದರೆ ಚಕ್ರ ನಿಲ್ಲುತ್ತದೆ.

ವೇಗವರ್ಧಕ ಮಾಡುವುದೇನು?

ವಸೂಲಿಯ ಈ ಕೆಲಸವೇ ವೇಗವರ್ಧಕದ ಮೊದಲ ಹೊಣೆ. ಜಲಜನಕದ ಅಣುವಿನಲ್ಲಿ ಎರಡು ಪರಮಾಣುಗಳು 436 ಕಿಲೋಜೂಲ್ ಬಲದಿಂದ ಬಿಗಿದುಕೊಂಡಿವೆ. ಕಬ್ಬಿಣ, ಮಾಲಿಬ್ಡಿನಂ, ಟಂಗ್‌ಸ್ಟನ್ ಮುಂತಾದವುಗಳ ಗಂಧಕ ಸಂಯುಕ್ತಗಳ ಮೇಲ್ಮೈಯಲ್ಲಿ ಈ ಜೋಡಿ ಸುಲಭವಾಗಿ ಬೇರ್ಪಡುತ್ತದೆ. ಬಿಡಿ ಪರಮಾಣುಗಳು ನ್ಯಾಫ್ತಲೀನಿಗೆ ಸೇರಿ ಅದನ್ನು ಪುನಃ ದಾನಿಯಾಗಿಸುತ್ತವೆ. ಎಪಿಎಂಸಿ ಪ್ರಾಂಗಣದ ದಲ್ಲಾಳಿ ತಾನು ಮಾಲನ್ನು ಕೊಳ್ಳದೆ, ಮಾರದೆ, ಕೊಳ್ಳುವವನನ್ನೂ ಮಾರುವವನನ್ನೂ ಕೂಡಿಸಿ ವ್ಯವಹಾರ ಕುದುರಿಸುವಂತೆ ವೇಗವರ್ಧಕವೂ ಕೆಲಸದ ಕೊನೆಯಲ್ಲಿ ತಾನಾಗಿಯೇ ಉಳಿಯುತ್ತದೆ. ಅದು ಕಮಿಷನ್ ಕೇಳುವುದಿಲ್ಲ ನಿಜ, ಆದರೆ ಸವೆಯುತ್ತದೆ. ಅದರ ಮೇಲೆ ಕೋಕ್ ಹಾಗೂ ಲೋಹದ ಕಣಗಳು ಕೂತು ಕೆಲಸ ಕುಂದುತ್ತದೆ. ಆ ಮಾತು ಮುಂದೆ ಬರುತ್ತದೆ.

ಎರಡನೆಯ ಕೆಲಸ ಹೆಚ್ಚು ಸೋಜಿಗದ್ದು. ಕಲ್ಲಿದ್ದಲಿನಲ್ಲಿ ಯಾವ ಬಂಧ ಯಾವಾಗ ಮುರಿಯಿತೆಂದು ನೇರವಾಗಿ ನೋಡಲು ಆಗದು; ಅದು ಅಷ್ಟು ಗೋಜಲಿನ ಪದಾರ್ಥ. ಆದುದರಿಂದ ಸಂಶೋಧಕರು ಬಲವಾದ ಬಂಧ, ದುರ್ಬಲ ಬಂಧ ಎರಡೂ ಇರುವ ಮಾದರಿ ಅಣುವೊಂದನ್ನು ಆರಿಸಿಕೊಂಡು ಪರೀಕ್ಷಿಸುತ್ತಾರೆ. ನ್ಯಾಫ್ಥೈಲ್‌ಮೀಥೈಲ್ ಬೈಬೆಂಜೈಲ್ ಎಂಬ ಉದ್ದ ಹೆಸರಿನ ಅಣು ಇದಕ್ಕೆ ಪ್ರಸಿದ್ಧ. ಇದರ ಒಂದು ತುದಿಯಲ್ಲಿ ನ್ಯಾಫ್ತಲೀನ್ ಉಂಗುರ, ಅದಕ್ಕೆ ಒಂದೇ ಇಂಗಾಲದ ಬಲವಾದ ಸೇತುವೆ. ಇನ್ನೊಂದು ಬದಿಯಲ್ಲಿ ಎರಡು ಇಂಗಾಲಗಳ ದುರ್ಬಲ ಸೇತುವೆ. ಕೇವಲ ಶಾಖ ಕೊಟ್ಟರೆ, ನಿರೀಕ್ಷೆಯಂತೆ, ದುರ್ಬಲವಾದುದು ಮೊದಲು ಮುರಿಯುತ್ತದೆ. ನುಣ್ಣನೆಯ ಕಬ್ಬಿಣದ ವೇಗವರ್ಧಕವನ್ನೋ ಇಂಗಾಲದ ಮಸಿಯನ್ನೋ ಸೇರಿಸಿದರೆ ಫಲಿತಾಂಶ ತಿರುವು ಮುರುವಾಗುತ್ತದೆ: ನ್ಯಾಫ್ತಲೀನ್ ಉಂಗುರಕ್ಕೆ ಅಂಟಿದ ಬಲವಾದ ಬಂಧವೇ ಮುರಿದು ಬೀಳುತ್ತದೆ, ದುರ್ಬಲವಾದುದು ಬಹುಪಾಲು ಹಾಗೆಯೇ ಉಳಿಯುತ್ತದೆ.

ಅಂದರೆ ವೇಗವರ್ಧಕವು ಬಂಧವನ್ನು ಹಿಡಿದು ಎಳೆಯುವುದಿಲ್ಲ. ಸೇತುವೆ ಉಂಗುರಕ್ಕೆ ಅಂಟಿದ ಜಾಗದಲ್ಲಿಯೇ ಒಂದು ಜಲಜನಕ ಪರಮಾಣು ಬಂದು ಕೂಡುವಂತೆ ಮಾಡುತ್ತದೆ. ಆಗ ಉಂಗುರದ ಸ್ಥಿರತೆ ತಪ್ಪುತ್ತದೆ; ಅದನ್ನು ಮರಳಿ ಪಡೆಯಲು ಉಂಗುರವೇ ಸೇತುವೆಯನ್ನು ಕೈಬಿಡುತ್ತದೆ. ಉಕ್ಕಿನ ತಂತಿಯನ್ನು ಕತ್ತರಿಸಲಾಗದವನು ಅದನ್ನು ಕಟ್ಟಿದ್ದ ಗೂಟವನ್ನು ಸಡಿಲಿಸಿದಂತೆ. ಇದರಿಂದ 430 ಡಿಗ್ರಿಯ ಆಸುಪಾಸಿನಲ್ಲಿಯೇ, ಕೋಕ್ ಆಗುವಷ್ಟು ಕಾಯಿಸದೆ, ಬಲವಾದ ಕಟ್ಟುಗಳೂ ಬಿಚ್ಚುತ್ತವೆ. ಇವುಗಳ ಜೊತೆಗೆ ಗಂಧಕ, ಸಾರಜನಕ, ಆಮ್ಲಜನಕಗಳು ಇಂಗಾಲದೊಡನೆ ಹೊಂದಿರುವ ಬಂಧಗಳನ್ನು ಮುರಿದು ಎಣ್ಣೆಯನ್ನು ಶುದ್ಧಗೊಳಿಸುವ ಕೆಲಸವನ್ನೂ ವೇಗವರ್ಧಕವೇ ಮಾಡುತ್ತದೆ.

ಕಬ್ಬಿಣದ ಕಸುಬು

ಈ ತಿಳಿವಳಿಕೆ ಬಂದುದು ಬಹಳ ತಡವಾಗಿ. 1913ರಲ್ಲಿ ಕಲ್ಲಿದ್ದಲನ್ನು ಜಲಜನಕದೊಂದಿಗೆ ಅಧಿಕ ಒತ್ತಡದಲ್ಲಿ ಎಣ್ಣೆಯಾಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದ ಫ್ರೀಡ್ರಿಶ್ ಬರ್ಗಿಯಸ್, ಕಲ್ಲಿದ್ದಲಿನ ಗಂಧಕವು ಯಾವ ವೇಗವರ್ಧಕವನ್ನಾದರೂ ವಿಷವಾಗಿ ಕೊಂದುಬಿಡುತ್ತದೆಂದು ನಂಬಿದ್ದ. ಆ ಗಂಧಕವನ್ನು ಹೀರಿಕೊಳ್ಳಲೆಂದು ಅವನು ಒಲೆಗೆ ಒಂದಿಷ್ಟು ಕಬ್ಬಿಣದ ಆಕ್ಸೈಡನ್ನು ಸೇರಿಸುತ್ತಿದ್ದ. ಅದು ಅಲ್ಯುಮಿನಿಯಂ ಉದ್ದಿಮೆಯ ತ್ಯಾಜ್ಯ, ಅಗ್ಗದ ಸಾಮಗ್ರಿ. ಆ ಕಬ್ಬಿಣವು ಗಂಧಕದೊಂದಿಗೆ ಕೂಡಿ ಒಳ್ಳೆಯ ವೇಗವರ್ಧಕವಾಗಿ ಕೆಲಸ ಮಾಡುತ್ತಿತ್ತೆಂಬುದು ಬಳಿಕ ತಿಳಿಯಿತು.

ಬರ್ಗಿಯಸ್‌ನ ಹಕ್ಕುಗಳನ್ನು 1925ರಲ್ಲಿ ಬಿ.ಎ.ಎಸ್.ಎಫ್. ಕೊಂಡಿತು, ಅದೇ ವರ್ಷಾಂತ್ಯದಲ್ಲಿ ಆ ಸಂಸ್ಥೆ ಐ.ಜಿ. ಫಾರ್ಬೆನ್‌ನಲ್ಲಿ ವಿಲೀನವಾಯಿತು. ಅಲ್ಲಿನ ಮತಿಯಾಸ್ ಪಿಯರ್ ಎಂಬ ತಜ್ಞ ಸಮಸ್ಯೆಯನ್ನು ಬೇರೆ ಬದಿಯಿಂದ ನೋಡಿದ. ಗಂಧಕವು ವಿಷವಾಗುವುದಾದರೆ ಗಂಧಕದಿಂದಲೇ ಆದ ವೇಗವರ್ಧಕವನ್ನು ಬಳಸಿದರೆ ಹೇಗೆ? ಮಾಲಿಬ್ಡಿನಂ ಮತ್ತು ಟಂಗ್‌ಸ್ಟನ್‌ಗಳ ಸಲ್ಫೈಡುಗಳು ಈ ಪರೀಕ್ಷೆಯಲ್ಲಿ ಗೆದ್ದವು. ಪಿಯರ್ ಇಡೀ ಪ್ರಕ್ರಿಯೆಯನ್ನೂ ಎರಡು ಹಂತಗಳಾಗಿ ವಿಭಜಿಸಿದ: ಮೊದಲು ಕಲ್ಲಿದ್ದಲಿನಿಂದ ಭಾರದ ಎಣ್ಣೆ, ಆಮೇಲೆ ಆ ಎಣ್ಣೆಯ ಆವಿಯಿಂದ ಪೆಟ್ರೋಲು. 1927ರ ಏಪ್ರಿಲ್ 1ರಂದು ಲೊಯ್ನಾ ಕಾರ್ಖಾನೆ ಆರಂಭವಾಯಿತು. 1931ರಲ್ಲಿ ಬರ್ಗಿಯಸ್ ಮತ್ತು ಕಾರ್ಲ್ ಬಾಷ್ ಇಬ್ಬರಿಗೂ ಜಂಟಿಯಾಗಿ ನೊಬೆಲ್ ಪ್ರಶಸ್ತಿ ಬಂದಿತು.

ವೇಗವರ್ಧಕದ ಆಯ್ಕೆಯಲ್ಲಿ ಬೆಲೆಯ ಪ್ರಶ್ನೆಯೇ ಮೇಲುಗೈ ಪಡೆದುದನ್ನು ಇಲ್ಲಿ ಗಮನಿಸಬೇಕು. ಮೊದಲ ಹಂತದಲ್ಲಿ ಕಲ್ಲಿದ್ದಲಿನ ಬೂದಿಯೊಡನೆ ಬೆರೆತ ವೇಗವರ್ಧಕವನ್ನು ಮರಳಿ ಪಡೆಯುವುದು ಕಷ್ಟ. ಆಮದು ಮಾಡಿದ ಮಾಲಿಬ್ಡಿನಂ ಅನ್ನು ಬೂದಿಯೊಡನೆ ಎಸೆಯುವುದು ಯಾವ ಉದ್ದಿಮೆಗೂ ಗಿಟ್ಟದು. ಹೀಗಾಗಿ 1930ರ ದಶಕದಲ್ಲಿ ಜರ್ಮನಿಯ ಕಾರ್ಖಾನೆಗಳು ಮೊದಲ ಹಂತಕ್ಕೆ ಕಬ್ಬಿಣದ ಸಲ್ಫೇಟ್ ಮತ್ತು ಅಲ್ಯುಮಿನಾ ಕಾರ್ಖಾನೆಗಳ ಕೆಂಪು ಮಣ್ಣಿಗೆ ಮರಳಿದವು. ದುಬಾರಿ ಲೋಹಗಳನ್ನು ಬೂದಿಯ ಕಾಟವಿಲ್ಲದ ಎರಡನೆಯ ಹಂತಕ್ಕೆ ಮೀಸಲಿಟ್ಟವು. ಕಬ್ಬಿಣದ ಶಕ್ತಿ ಕಡಿಮೆ. ಆ ಕೊರತೆಯನ್ನು ಒತ್ತಡದಿಂದ ತುಂಬಬೇಕು. ಗಟ್ಟಿ ಕಲ್ಲಿದ್ದಲಿಗೆ 700 ವಾತಾವರಣ ಒತ್ತಡದವರೆಗೆ ಹೋಗಬೇಕಾಯಿತು. ಲಾರಿಯ ಟಯರಿನೊಳಗಿನ ಗಾಳಿಯ ಒತ್ತಡ ಎಂಟು ವಾತಾವರಣದ ಆಸುಪಾಸು ಎಂದರೆ ಆ ಒಲೆಗಳ ಉಕ್ಕಿನ ಗೋಡೆ ಎಷ್ಟು ದಪ್ಪವಿರಬೇಕೆಂದು ಊಹಿಸಬಹುದು. ವೇಗವರ್ಧಕದಲ್ಲಿ ಉಳಿಸಿದ ಹಣ ಯಂತ್ರಸ್ಥಾವರದಲ್ಲಿ ಖರ್ಚಾಯಿತೆಂದರೆ ತಪ್ಪಲ್ಲ. ಇಂಗ್ಲೆಂಡಿನ ಬಿಲಿಂಗ್‌ಹ್ಯಾಮ್‌ನಲ್ಲಿ 1935ರಲ್ಲಿ ಉದ್ಘಾಟನೆಯಾದ ಐ.ಸಿ.ಐ. ಕಾರ್ಖಾನೆಯಲ್ಲಿ ತವರದ ಸಂಯುಕ್ತವನ್ನು ಬಳಸಲಾಯಿತು. ಆ ಕಾರ್ಖಾನೆ ನಿಂತುದೂ ಸ್ವದೇಶಿ ಪೆಟ್ರೋಲಿಗೆ ಸರ್ಕಾರ ಕೊಟ್ಟ ಸುಂಕದ ರಿಯಾಯಿತಿಯ ಆಸರೆಯಿಂದಲೇ.

ಯುದ್ಧದ ವರ್ಷಗಳಲ್ಲಿ ಜರ್ಮನಿಯಲ್ಲಿ ಇಂತಹ 12 ಹೈಡ್ರೋಜನೀಕರಣ ಕಾರ್ಖಾನೆಗಳಿದ್ದವು. ಅಲ್ಲಿನ ವಿಮಾನಗಳ ಪೆಟ್ರೋಲಿನ ಬಹುಭಾಗ ಬಂದುದು ಅವುಗಳಿಂದಲೇ. 1944ರ ಮೇ 12ರಂದು ಮಿತ್ರರಾಷ್ಟ್ರಗಳ ಬಾಂಬುಗಳು ಲೊಯ್ನಾದ ಮೇಲೆ ಬೀಳಲಾರಂಭಿಸಿದವು. ಆ ಕಾಲದ ಉತ್ಪಾದನಾ ವೆಚ್ಚದ ಅಂಕಿಗಳನ್ನು ಇಂದು ಉಲ್ಲೇಖಿಸುವವರು ಒಂದು ಸಂಗತಿಯನ್ನು ಮರೆಯಬಾರದು. ಈ ಉದ್ದಿಮೆಯಲ್ಲಿ ಸೆರೆಯಾಳುಗಳನ್ನು, ಬಲವಂತದ ಕೂಲಿಗಳನ್ನು ದುಡಿಸಲಾಯಿತು. ಔಶ್‌ವಿಟ್ಜ್ ಬಳಿಯ ಮೊನೊವಿಟ್ಜ್‌ನಲ್ಲಿ ಕೃತಕ ರಬ್ಬರು ಮತ್ತು ಇಂಧನಕ್ಕೆಂದು ಐ.ಜಿ. ಫಾರ್ಬೆನ್ ಕಟ್ಟಿಸುತ್ತಿದ್ದ ಸ್ಥಾವರದಲ್ಲಿ ಸಾವಿರಾರು ಕೈದಿಗಳು ಪ್ರಾಣ ತೆತ್ತರು. ಅಂತಹ ಕೂಲಿಯ ವೆಚ್ಚವನ್ನು ಆಧಾರವಾಗಿಟ್ಟ ಅಡಕ ಬೆಲೆಯನ್ನು ಯಾವ ಲೆಕ್ಕ ಪರಿಶೋಧಕನೂ ಒಪ್ಪಲಾರ.

ಎರಡು ಅಂದಾಜು, ಒಂದೇ ಕಾರ್ಖಾನೆ

ವೆಚ್ಚದ ವಿಷಯದಲ್ಲಿ ಅಮೆರಿಕದ ಅನುಭವ ಹೆಚ್ಚು ಬೋಧಪ್ರದ. 1944ರಲ್ಲಿ ಅಲ್ಲಿ ಕೃತಕ ದ್ರವ ಇಂಧನ ಕಾಯಿದೆ ಜಾರಿಗೆ ಬಂದಿತು. ಮಿಸೌರಿ ರಾಜ್ಯದ ಲೂಯಿಸಿಯಾನಾ ಎಂಬ ಪಟ್ಟಣದಲ್ಲಿ (ಆ ಹೆಸರಿನ ರಾಜ್ಯ ಬೇರೆಯೇ ಇದೆ) ಗಣಿ ಇಲಾಖೆಯ ಪ್ರಾತ್ಯಕ್ಷಿಕೆ ಕಾರ್ಖಾನೆ 1949ರಲ್ಲಿ ಆರಂಭವಾಯಿತು. ಜರ್ಮನ್ ತಜ್ಞರನ್ನೂ ಅಲ್ಲಿಗೆ ಕರೆತರಲಾಗಿತ್ತು. ಎಣ್ಣೆ ಬಂದಿತು, ರಸಾಯನಶಾಸ್ತ್ರ ಗೆದ್ದಿತು. ಅನಂತರ ಬಂದುದು ಅಂದಾಜುಗಳ ಜಗಳ. 1951ರ ಸುಮಾರಿಗೆ ಗಣಿ ಇಲಾಖೆಯ ಪ್ರಕಾರ ಪೂರ್ಣ ಪ್ರಮಾಣದ ಕಾರ್ಖಾನೆಯಲ್ಲಿ ಗ್ಯಾಲನ್ನಿಗೆ ಸುಮಾರು 11 ಸೆಂಟ್ ವೆಚ್ಚ. ತೈಲ ಉದ್ದಿಮೆಯ ಪ್ರತಿನಿಧಿಗಳಿದ್ದ ರಾಷ್ಟ್ರೀಯ ಪೆಟ್ರೋಲಿಯಂ ಮಂಡಳಿಯ ಪ್ರಕಾರ 40 ಸೆಂಟಿಗೂ ಮೇಲೆ. ಒಂದೇ ವಿಧಾನ, ಒಂದೇ ಕಲ್ಲಿದ್ದಲು. ಅಂದಾಜಿನಲ್ಲಿ ನಾಲ್ಕು ಪಟ್ಟು ಅಂತರ!

ಎರಡೂ ಕಡೆಯವರು ಕೂಡಿಸುವುದರಲ್ಲಿ ತಪ್ಪಿದವರಲ್ಲ. ಹೂಡಿಕೆದಾರನ ಪ್ರತಿಫಲವನ್ನು ವೆಚ್ಚವೆಂದು ಎಣಿಸಬೇಕೇ, ಫೀನಾಲ್‌ನಂತಹ ಉಪ ಉತ್ಪನ್ನಗಳ ಮಾರಾಟವನ್ನು ಎಷ್ಟರಮಟ್ಟಿಗೆ ಜಮಾ ಹಿಡಿಯಬೇಕು, ಕಾರ್ಮಿಕರ ವಸತಿಯ ಖರ್ಚು ಯಾರದು ಎಂಬ ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರಗಳು ಬೇರೆ ಬೇರೆ. ಉಪ ಉತ್ಪನ್ನಗಳ ವಿಷಯವಂತೂ ಸಣ್ಣ ಉದ್ದಿಮೆದಾರರಿಗೆ ಚೆನ್ನಾಗಿ ಗೊತ್ತು: ಒಂದು ಟನ್ ಮಾರುವಾಗ ಇರುವ ದರ ಸಾವಿರ ಟನ್ ಮಾರುಕಟ್ಟೆಗೆ ಬಂದಾಗ ಉಳಿಯುವುದಿಲ್ಲ. 1953ರಲ್ಲಿ ಸಂಸತ್ತು ಹಣ ನಿಲ್ಲಿಸಿತು, ಲೂಯಿಸಿಯಾನಾ ಕಾರ್ಖಾನೆ ಮುಚ್ಚಿತು.

ಬಂಡವಾಳದ ಭಾರ ಎಷ್ಟೆಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ವರ್ಷಕ್ಕೆ 10 ಲಕ್ಷ ಟನ್ ಡೀಸೆಲ್ ತಯಾರಿಸುವ ಕಾರ್ಖಾನೆಗೆ 10,000 ಕೋಟಿ ರೂಪಾಯಿ ಹೂಡಿದರೆಂದು ಇಟ್ಟುಕೊಳ್ಳೋಣ. ಬಡ್ಡಿ ಮತ್ತು ಪ್ರತಿಫಲ ಸೇರಿ ಶೇ. 12, ಸವಕಳಿ ಶೇ. 5, ಒಟ್ಟು ಶೇ. 17, ಅಂದರೆ ವರ್ಷಕ್ಕೆ 1,700 ಕೋಟಿ ರೂಪಾಯಿ. ಟನ್ನಿಗೆ 17,000 ರೂಪಾಯಿ. ಒಂದು ಟನ್ ಡೀಸೆಲ್ ಎಂದರೆ ಸುಮಾರು 1,190 ಲೀಟರ್. ಆದುದರಿಂದ ಒಂದು ತುಂಡು ಕಲ್ಲಿದ್ದಲನ್ನೂ ಕೊಳ್ಳುವ ಮೊದಲೇ ಲೀಟರಿನ ಮೇಲೆ 14 ರೂಪಾಯಿ ಕೂತಿರುತ್ತದೆ. ಒಲೆಯಲ್ಲಿ ಕೋಕ್ ಕಟ್ಟಿಕೊಂಡು, ಪಂಪು ಸವೆದು, ಕಾರ್ಖಾನೆ ಶೇ. 60ರ ಸಾಮರ್ಥ್ಯದಲ್ಲಿ ಮಾತ್ರ ನಡೆದರೆ ಅದೇ ಭಾರ ಲೀಟರಿಗೆ ಸುಮಾರು 24 ರೂಪಾಯಿ ಆಗುತ್ತದೆ. ವೇಗವರ್ಧಕದ ನಿಜವಾದ ಬೆಲೆ ಅದರ ಖರೀದಿ ಬಿಲ್ಲಿನಲ್ಲಿ ಇಲ್ಲ, ಕಾರ್ಖಾನೆ ವರ್ಷಕ್ಕೆ ಎಷ್ಟು ದಿನ ನಿಲ್ಲದೆ ಓಡುತ್ತದೆ ಎಂಬುದರಲ್ಲಿದೆ.

ಚೀನಾದ ಪ್ರಯೋಗ

1973ರ ತೈಲ ಬಿಕ್ಕಟ್ಟಿನ ಬಳಿಕ ಅಮೆರಿಕ ಮತ್ತೊಮ್ಮೆ ಈ ದಾರಿ ಹಿಡಿಯಿತು. ಕೆಂಟಕಿಯ ಕ್ಯಾಟ್ಲೆಟ್ಸ್‌ಬರ್ಗ್‌ನಲ್ಲಿ ಎಚ್-ಕೋಲ್ ಘಟಕ, ಟೆಕ್ಸಾಸಿನ ಬೇಟೌನ್‌ನಲ್ಲಿ ಎಕ್ಸಾನ್ ಘಟಕ 1980ರಲ್ಲಿ ಆರಂಭವಾದವು. ತೈಲದ ಬೆಲೆ ಇಳಿಯುತ್ತಲೇ ಕೆಲವೇ ವರ್ಷಗಳಲ್ಲಿ ನಿಂತವು. ದಕ್ಷಿಣ ಆಫ್ರಿಕಾದ ಸಾಸೋಲ್ ಮಾತ್ರ 1955ರಿಂದಲೂ ಕಲ್ಲಿದ್ದಲಿನಿಂದ ಇಂಧನ ತೆಗೆಯುತ್ತ ಬಂದಿದೆ. ಆದರೆ ಅದರ ದಾರಿ ಬೇರೆ. ಅಲ್ಲಿ ಬಂಧಗಳನ್ನು ಆರಿಸಿ ಮುರಿಯುವ ಗೋಜಿಲ್ಲ. ಕಲ್ಲಿದ್ದಲನ್ನು ಹಬೆ ಮತ್ತು ಆಮ್ಲಜನಕದೊಂದಿಗೆ ಸುಟ್ಟು ಎಲ್ಲ ಬಂಧಗಳನ್ನೂ ಒಮ್ಮೆಲೇ ಮುರಿದು, ಇಂಗಾಲದ ಮೊನಾಕ್ಸೈಡ್ ಮತ್ತು ಜಲಜನಕದ ಮಿಶ್ರಣವನ್ನು ಪಡೆದು, ಕಬ್ಬಿಣದ ವೇಗವರ್ಧಕದ ಮೇಲೆ ಅದನ್ನು ಮತ್ತೆ ಎಣ್ಣೆಯಾಗಿ ಕಟ್ಟುತ್ತಾರೆ. ಮನೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಕೆಡವಿ ಹೊಸದಾಗಿ ಕಟ್ಟುವ ಕ್ರಮ. ಇದರಲ್ಲಿ ಶಕ್ತಿಯ ನಷ್ಟ ಹೆಚ್ಚು. ಆದರೆ ಎಂತಹ ಕಳಪೆ ಕಲ್ಲಿದ್ದಲಾದರೂ ನಡೆಯುತ್ತದೆ.

ನೇರ ವಿಧಾನವನ್ನು ಮತ್ತೆ ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡುದು ಚೀನಾದ ಶೆನ್‌ಹುವಾ ಸಂಸ್ಥೆ. ಒಳ ಮಂಗೋಲಿಯಾದ ಓರ್ಡೋಸ್‌ನಲ್ಲಿ ವರ್ಷಕ್ಕೆ 10.8 ಲಕ್ಷ ಟನ್ ಸಾಮರ್ಥ್ಯದ ಘಟಕವನ್ನು ಅದು ಕಟ್ಟಿತು. ಮುಖ್ಯ ಒಲೆ ಒಂದೊಂದರ ತೂಕ 2,000 ಟನ್ನಿಗೂ ಹೆಚ್ಚು. ಇಲ್ಲಿಯ ವೇಗವರ್ಧಕ ಮತ್ತೆ ಕಬ್ಬಿಣವೇ; ಆದರೆ ಈ ಸಲ ಅತಿಸೂಕ್ಷ್ಮ ಕಣಗಳ ರೂಪದಲ್ಲಿ, ಕಲ್ಲಿದ್ದಲಿನ ಪುಡಿಯ ಮೇಲೆಯೇ ಲೇಪಿಸಿದ್ದು. ಒಲೆಯಲ್ಲಿ ಗಂಧಕ ಸೇರಿದಾಗ ಅದು ಪಿರೋಟೈಟ್ ಎಂಬ ಕಬ್ಬಿಣದ ಸಲ್ಫೈಡ್ ಆಗಿ ಕೆಲಸ ಮಾಡುತ್ತದೆ. ಕಣ ಚಿಕ್ಕದಾದಷ್ಟೂ ಮೇಲ್ಮೈ ಹೆಚ್ಚು, ಮೇಲ್ಮೈ ಹೆಚ್ಚಾದಷ್ಟೂ ಕೆಲಸ ಹೆಚ್ಚು. ಜರ್ಮನರು 700 ವಾತಾವರಣದಲ್ಲಿ ಮಾಡಿದ್ದನ್ನು ಚೀನೀಯರು 190ರ ಆಸುಪಾಸಿನಲ್ಲಿ, ಸುಮಾರು 455 ಡಿಗ್ರಿಯಲ್ಲಿ ಮಾಡಿದರು. ತೊಂಬತ್ತು ವರ್ಷಗಳ ವೇಗವರ್ಧಕ ಸಂಶೋಧನೆಯ ಫಲವನ್ನು ಒಂದೇ ಅಂಕಿಯಲ್ಲಿ ಹೇಳುವುದಾದರೆ ಇದೇ ಸರಿ.

ಆದರೂ ಕಾಲ ಕೂಡಿಬರಲಿಲ್ಲ. 2008ರ ಜುಲೈಯಲ್ಲಿ ಕಚ್ಚಾತೈಲ ಪೀಪಾಯಿಗೆ 147 ಡಾಲರ್ ಮುಟ್ಟಿತ್ತು. ಓರ್ಡೋಸ್ ಘಟಕ ಪ್ರಾಯೋಗಿಕವಾಗಿ ಚಾಲನೆಗೊಂಡ ಡಿಸೆಂಬರ್ ಕೊನೆಯ ಹೊತ್ತಿಗೆ ಅದು 40 ಡಾಲರಿನ ಆಸುಪಾಸಿಗೆ ಕುಸಿದಿತ್ತು. ಮುಂದೆ ಬೆಲೆ ಚೇತರಿಸಿಕೊಂಡರೂ 2014ರ ನಂತರ ಮತ್ತೆ ಇಳಿಯಿತು. ಸಾಲದೆಂಬಂತೆ 2015ರ ಜನವರಿಯಲ್ಲಿ ಚೀನಾ ಸರ್ಕಾರ ಡೀಸೆಲ್ ಮೇಲಿನ ಬಳಕೆ ತೆರಿಗೆಯನ್ನು ಲೀಟರಿಗೆ 1.2 ಯುವಾನ್‌ಗೆ ಏರಿಸಿತು. ಕಲ್ಲಿದ್ದಲಿನ ಎಣ್ಣೆಗೂ ಅದು ಅನ್ವಯಿಸಿತು. ನೀರಿನ ತಕರಾರು ಬೇರೆ: ಒಣಪ್ರದೇಶದ ಅಂತರ್ಜಲವನ್ನು ಈ ಘಟಕ ಬತ್ತಿಸುತ್ತಿದೆಯೆಂದು 2013ರಲ್ಲಿ ಗ್ರೀನ್‌ಪೀಸ್ ವರದಿ ಪ್ರಕಟಿಸಿತು. ಇನ್ನು ಇಂಗಾಲಾಮ್ಲದ ಮಾತು. ಒಂದು ಟನ್ ಎಣ್ಣೆಗೆ ಮೂರು ಟನ್ನಿಗೂ ಹೆಚ್ಚು ಕಲ್ಲಿದ್ದಲು ಬೇಕಾಗುವ ಈ ಕೈಗಾರಿಕೆಯಲ್ಲಿ ಉಳಿದ ಇಂಗಾಲ ಹೊಗೆಯಾಗಿ ಹೋಗಲೇಬೇಕು. 2011ರಿಂದ 2015ರವರೆಗೆ ಸುಮಾರು 3 ಲಕ್ಷ ಟನ್ನಿನಷ್ಟನ್ನು ನೆಲದೊಳಕ್ಕೆ ತುಂಬಿದ ಪ್ರಯೋಗ ಅಲ್ಲಿ ನಡೆದಿದೆ. ಒಟ್ಟು ವಿಸರ್ಜನೆಯ ಮುಂದೆ ಅದು ಅಲ್ಪ. ಚೀನಾ ತನ್ನ ಮುಂದಿನ ದೊಡ್ಡ ಘಟಕವನ್ನು, 2016ರಲ್ಲಿ ನಿಂಗ್‌ಷಿಯಾದಲ್ಲಿ ಆರಂಭವಾದ 40 ಲಕ್ಷ ಟನ್ನಿನದನ್ನು, ಸಾಸೋಲ್ ಮಾದರಿಯ ಪರೋಕ್ಷ ವಿಧಾನದಲ್ಲಿಯೇ ಕಟ್ಟಿತೆಂಬುದು ಗಮನಾರ್ಹ.

ಭಾರತದಲ್ಲಿ

ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಸಾಮಾನ್ಯವಾಗಿ ಶೇ. 30ಕ್ಕೂ ಮೇಲೆ. ನೇರ ವಿಧಾನಕ್ಕೆ ಇದು ದೊಡ್ಡ ತೊಡಕು: ಬೂದಿಯನ್ನೂ ಕಾಯಿಸಬೇಕು, ಒತ್ತಡಕ್ಕೆ ಏರಿಸಬೇಕು, ಪಂಪು ಕವಾಟಗಳನ್ನು ಅದು ಅರೆಯುವುದನ್ನು ಸಹಿಸಬೇಕು, ಕೊನೆಗೆ ಎಣ್ಣೆಯಿಂದ ಬೇರ್ಪಡಿಸಬೇಕು. ಅಸ್ಸಾಮಿನ ಕಲ್ಲಿದ್ದಲು ಮಾತ್ರ ಇದಕ್ಕೆ ಹೊರತು. ಅದರಲ್ಲಿ ಬೂದಿ ಕಡಿಮೆ, ಗಂಧಕ ಹೆಚ್ಚು. ವಿದ್ಯುತ್ ಸ್ಥಾವರದವರು ದೂರುವ ಈ ಗಂಧಕ ದ್ರವೀಕರಣದಲ್ಲಿ ಕಬ್ಬಿಣದ ವೇಗವರ್ಧಕವನ್ನು ಜೀವಂತವಾಗಿಡುತ್ತದೆ. ಆಯಿಲ್ ಇಂಡಿಯಾ ಸಂಸ್ಥೆ ದುಲಿಯಾಜಾನ್‌ನಲ್ಲಿ ಸಣ್ಣ ಪ್ರಾಯೋಗಿಕ ಘಟಕವನ್ನು ನಡೆಸಿ ನೋಡಿದ್ದೂ ಅದರಿಂದಲೇ. ಅಸ್ಸಾಮಿನ ನಿಕ್ಷೇಪಗಳು ಮಾತ್ರ ದೇಶದ ಒಟ್ಟು ನಿಕ್ಷೇಪದ ಅತ್ಯಲ್ಪ ಪಾಲು.

2009ರಲ್ಲಿ ಒಡಿಶಾದ ತಾಲ್ಚೇರ್ ಪ್ರದೇಶದ ಎರಡು ಕಲ್ಲಿದ್ದಲು ಬ್ಲಾಕುಗಳನ್ನು ಎಣ್ಣೆ ತಯಾರಿಕೆಗೆಂದೇ ಕೇಂದ್ರ ಸರ್ಕಾರ ಹಂಚಿತು. ಒಂದು ಟಾಟಾ ಮತ್ತು ಸಾಸೋಲ್ ಜಂಟಿ ಸಂಸ್ಥೆಗೆ, ಇನ್ನೊಂದು ಜಿಂದಾಲ್‌ಗೆ. 2014ರ ಸೆಪ್ಟೆಂಬರ್ 24ರಂದು ಸರ್ವೋಚ್ಚ ನ್ಯಾಯಾಲಯವು 204 ಬ್ಲಾಕುಗಳ ಹಂಚಿಕೆಯನ್ನು ರದ್ದುಗೊಳಿಸಿದಾಗ ಇವೂ ಹೋದವು. 2024ರ ಜನವರಿ 24ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ 8,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ಅನಿಲೀಕರಣಕ್ಕೆ ಸಂಬಂಧಿಸಿದ್ದು. ಇದರಲ್ಲಿ ಪ್ರಾತ್ಯಕ್ಷಿಕೆ ಮತ್ತು ಸಣ್ಣ ಪ್ರಮಾಣದ ಘಟಕಗಳಿಗೆ ಮೀಸಲಾದುದು 600 ಕೋಟಿ ರೂಪಾಯಿ. ‘ಸಣ್ಣ’ ಎಂಬ ಪದವನ್ನು ಕಂಡು ಉತ್ಸಾಹಗೊಳ್ಳುವ ಮೊದಲು ಷರತ್ತನ್ನು ಓದಬೇಕು: ಕನಿಷ್ಠ ಬಂಡವಾಳ 100 ಕೋಟಿ ರೂಪಾಯಿ! ನೆರವು 100 ಕೋಟಿ ಅಥವಾ ಬಂಡವಾಳದ ಶೇ. 15, ಎರಡರಲ್ಲಿ ಯಾವುದು ಕಡಿಮೆಯೋ ಅದು. ಇದು ಆರಂಭಿಕ ಬಂಡವಾಳಕ್ಕೆ ಕೊಡುವ ನೆರವೇ ಹೊರತು 1933ರ ಜರ್ಮನ್ ಒಪ್ಪಂದದಂತೆ ಮಾರಾಟ ದರದ ಖಾತರಿಯಲ್ಲ. ಬೆಲೆ ಕುಸಿದಾಗಿನ ನಷ್ಟ ಉದ್ದಿಮೆದಾರನದೇ.

ಕರ್ನಾಟಕದಲ್ಲಿ ಕಲ್ಲಿದ್ದಲಿಲ್ಲ. ಆದರೂ ಲೊಯ್ನಾದ ವಿದ್ಯೆ ರಾಜ್ಯಕ್ಕೆ ಬೇರೊಂದು ದಾರಿಯಿಂದ ಬಂದಿದೆ. ಪಿಯರ್‌ನ ಎರಡನೆಯ ಹಂತವೇ ಮುಂದೆ ತೈಲ ಶುದ್ಧೀಕರಣಾಗಾರಗಳ ಹೈಡ್ರೋಕ್ರ್ಯಾಕರ್ ಆಗಿ ಬೆಳೆಯಿತು, ಮಂಗಳೂರಿನ ಎಂ.ಆರ್.ಪಿ.ಎಲ್. ಭಾರದ ಎಣ್ಣೆಯನ್ನು ಮುರಿದು ಡೀಸೆಲ್ ಮಾಡುವುದು ಇದೇ ತತ್ತ್ವದಿಂದ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿ.ಎಸ್. 6 ಇಂಧನ ಜಾರಿಗೆ ಬಂದು ಗಂಧಕದ ಮಿತಿ ದಶಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿದ ಮೇಲೆ ಕೋಬಾಲ್ಟ್, ನಿಕ್ಕಲ್, ಮಾಲಿಬ್ಡಿನಂ ವೇಗವರ್ಧಕಗಳಿಲ್ಲದೆ ಶುದ್ಧೀಕರಣಾಗಾರ ನಡೆಯದು. ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆಯ ಕೆಂಪು ಮಣ್ಣು ಬರ್ಗಿಯಸ್ ಕಾಲದ ಸಾಮಗ್ರಿಯ ವಂಶದ್ದೇ. ಸದ್ಯ ಅಂತಹ ಮಣ್ಣಿಗೆ ಇರುವ ಮುಖ್ಯ ಗಿರಾಕಿ ಸಿಮೆಂಟ್ ಉದ್ದಿಮೆ.

ಸಣ್ಣ ಉದ್ದಿಮೆದಾರರಿಗೆ ಈ ಸರಪಳಿಯಲ್ಲಿ ಅವಕಾಶವಿರುವುದು ಎಣ್ಣೆಯಲ್ಲಿ ಅಲ್ಲ, ಸವೆದ ವೇಗವರ್ಧಕದಲ್ಲಿ. ಕೆಲವು ವರ್ಷ ದುಡಿದು ಶಕ್ತಿ ಕುಂದಿದ ಈ ಕಾಳುಗಳಲ್ಲಿ ಮಾಲಿಬ್ಡಿನಂ, ಕೋಬಾಲ್ಟ್, ನಿಕ್ಕಲ್ ಉಳಿದಿರುತ್ತವೆ. ಭಾರದ ಎಣ್ಣೆಯಿಂದ ಬಂದು ಕೂತ ವೆನೇಡಿಯಂ ಕೂಡ ಕೆಲವೊಮ್ಮೆ ದೊರೆಯುತ್ತದೆ. ಟೆಂಡರಿನಲ್ಲಿ ತೂಕ ನೋಡಿ ದರ ಹಾಕುವುದು ಅಪಾಯಕರ. ಕಾಳಿನ ಮೇಲೆ ಎಣ್ಣೆಯೂ ಕೋಕ್ ಕೂಡ ಅಂಟಿರುವುದರಿಂದ ಒಣ ತೂಕದ ಮೇಲೆ ಲೋಹಾಂಶದ ಪರೀಕ್ಷಾ ವರದಿಯನ್ನು ಪಡೆದು, ಆ ದಿನದ ಲೋಹದ ದರಕ್ಕೆ ಹೊಂದಿಸಿ ಲೆಕ್ಕ ಹಾಕಬೇಕು. ಮಾಲಿಬ್ಡಿನಂ ದರದ ಏರಿಳಿತ ತೀವ್ರ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಇದು ಅಪಾಯಕಾರಿ ತ್ಯಾಜ್ಯವಾದುದರಿಂದ ಖರೀದಿಗೂ ಸಂಗ್ರಹಕ್ಕೂ ಸಂಸ್ಕರಣೆಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ ಬೇಕು, ಸಾಗಣೆಗೆ ನಿಗದಿತ ದಾಖಲೆಪತ್ರ ಬೇಕು. ಗಂಧಕಯುಕ್ತವಾದ ಈ ಮಾಲು ಗಾಳಿ ತಾಗಿದರೆ ತಾನಾಗಿ ಕಾವೇರಿ ಹೊತ್ತಿಕೊಳ್ಳುವ ಸ್ವಭಾವದ್ದು. ಆದುದರಿಂದ ಗೋಣಿಚೀಲದಲ್ಲಿ ತುಂಬದೆ, ಸಾರಜನಕ ತುಂಬಿ ಮುಚ್ಚಿದ ಡ್ರಮ್ಮುಗಳಲ್ಲಿಯೇ ಇಡಬೇಕು, ಮತ್ತು ಅದರ ವೆಚ್ಚವನ್ನು ಟೆಂಡರ್ ದರ ನಮೂದಿಸುವ ಮೊದಲೇ ಸೇರಿಸಿಕೊಳ್ಳಬೇಕು.